1349ರ ಹಸು, ಲಂಡನ್ನಿನ ಏಜೆಂಟ್

ಕೋವಿಡ್ ಮುಗಿದ ಹೊಸದರಲ್ಲಿ ಇಂಗ್ಲೆಂಡಿನ ಸಾಹಿತ್ಯ ಏಜೆಂಟರಿಗೆ, ಅಂದರೆ ಲೇಖಕರ ಪರವಾಗಿ ಪ್ರಕಾಶಕರಿಗೆ ಪುಸ್ತಕ ಮಾರಿಕೊಡುವವರಿಗೆ, ಪಿಡುಗಿನ ಕಥೆ ಅಂದರೆ ಸಾಕಾಗಿ ಹೋಗಿತ್ತು. ಕೆಲವರಂತೂ ತಮಗೆ ಯಾವ ಥರದ ಪುಸ್ತಕ ಬೇಕು ಅಂತ ಹೇಳುವಲ್ಲೇ "ರೋಗ, ಲಾಕ್‌ಡೌನ್ ದಯವಿಟ್ಟು ಬೇಡ" ಅಂತ ಸೇರಿಸಿದ್ದರು. ನನ್ನ ಕೈಯಲ್ಲಿದ್ದದ್ದು 1349ರ ಪ್ಲೇಗಿನ ಕಾದಂಬರಿ. ಇಂಗ್ಲಿಷಿನಲ್ಲಿ ಬರೆದದ್ದು, ಸಫಕ್ ಕೌಂಟಿಯ ಒಂದು ಹಳ್ಳಿಯಲ್ಲಿ ನಡೆಯುವಂಥದ್ದು. ಅದಕ್ಕೆ ಏಜೆಂಟ್ ಹೇಗೆ ಸಿಕ್ಕರು ಅಂತ ಇಲ್ಲಿನ ಕನ್ನಡ ಗೆಳೆಯರು ಕೇಳುತ್ತಿರುತ್ತಾರೆ. ಪ್ಲೇಗನ್ನು ಹಿಂದೆ ಸರಿಸಿ ಜಮೀನನ್ನು ಮುಂದೆ ತಂದೆ, ಅಷ್ಟೇ.

ನಾನಿರೋದು ಇಪ್ಸ್‌ವಿಚ್‌ನಲ್ಲಿ. ಹೊಟ್ಟೆಪಾಡು ಟೆಲಿಕಾಂ ಸಾಫ್ಟ್‌ವೇರು. ಇದೇ ಸಫಕ್‌ನಲ್ಲಿ ವಾಲ್ಷಮ್ ಲ ವಿಲೋಸ್ ಅಂತ ಒಂದು ಹಳ್ಳಿ ಇದೆ. ಅಲ್ಲಿನ ಮೇನರ್ ಕೋರ್ಟಿನ, ಅಂದರೆ ಜಮೀನ್ದಾರನ ಕೋರ್ಟಿನ, ಹಳೇ ಕಡತಗಳು ಉಳಿದುಕೊಂಡಿವೆ. ಸಫಕ್ ರೆಕಾರ್ಡ್ಸ್ ಸೊಸೈಟಿ ಅವನ್ನು ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದೆ. 1349ರ ಜೂನ್‌ನಲ್ಲಿ ಕೂತ ಕೋರ್ಟಿನಲ್ಲಿ ನೂರಕ್ಕೂ ಹೆಚ್ಚು ಜನರ ಸಾವು ದಾಖಲಾಗಿದೆ. ಅಳುವಿಲ್ಲ, ದೇವರ ಶಾಪದ ಮಾತಿಲ್ಲ. ಇಂಥವನು ಸತ್ತ, ಇಷ್ಟು ಜಮೀನಿತ್ತು, ವಾರಸುದಾರರು ಯಾರು, ಜಮೀನ್ದಾರನಿಗೆ ಯಾವ ದನ ಸೇರಬೇಕು. ಒಕ್ಕಲು ಸತ್ತರೆ ಮನೆಯಲ್ಲಿದ್ದ ಒಳ್ಳೇ ದನವನ್ನು ಜಮೀನ್ದಾರನಿಗೆ ಒಪ್ಪಿಸಬೇಕು. ಅದಕ್ಕೆ ಹೆರಿಯಟ್ ಅಂತಿದ್ದರು. ಗಂಡ ಸತ್ತು ವಾರವಾಗಿಲ್ಲ, ಹಾಲು ಕೊಡೋ ಹಸು ಕೊಟ್ಟಿಗೆಯಿಂದ ಹೋಯಿತು!

ಊರಿಗೆ ಊರೇ ಸಾಯುತ್ತಿರುವಾಗಲೂ ಪಾರುಪತ್ಯಗಾರ ಬಂದು ಕೂತು ಲೆಕ್ಕ ಬರೆಸಿದನಲ್ಲ, ಅದೇ ನನ್ನನ್ನು ಹಿಡಿದಿಟ್ಟದ್ದು. ವಾಲ್ಷಮ್ ಬಗ್ಗೆ ಇತಿಹಾಸಕಾರರು ಈಗಾಗಲೇ ಸಾಕಷ್ಟು ಬರೆದಿದ್ದಾರೆ. ಹಾಗಾಗಿ ಊರನ್ನು ನಾನೇ ಕಟ್ಟಿಕೊಂಡೆ. ಏಲ್, ಅಂದರೆ ಒಂಥರದ ಬಿಯರ್, ಕಾಯಿಸಿ ಮಾರುವ ಆಗ್ನೆಸ್ ಅನ್ನೋ ಹೆಂಗಸನ್ನು ಅಲ್ಲಿ ಇಟ್ಟೆ. ಅವಳ ಗಂಡ, ಮೈದುನ, ಮೈದುನನ ಮಕ್ಕಳು ಎಲ್ಲ ಸತ್ತು ಜಮೀನು ಅವಳ ಪಾಲಿಗೆ ಬರುತ್ತದೆ. ಕಾದಂಬರಿ ಶುರುವಾಗೋದೇ ಕೋರ್ಟಿನಲ್ಲಿ, ಅವಳ ಹಸುವಿನ ವಿಷಯದಲ್ಲಿ.

ನನ್ನಾಕೆ ಮೊದಲ ಅಧ್ಯಾಯ ಓದಿ, "ಏನ್ರೀ ಇದು, ಪ್ಲೇಗು ಪ್ಲೇಗು ಅಂತಿದ್ರಿ, ಇಲ್ಲಿ ಬರೀ ಹಸು ಜಗಳ ಇದೆ" ಅಂದಳು.

"ಮುಂದೆ ಓದು ಮಾರಾಯ್ತಿ" ಅಂದೆ.

"ಓದ್ತೀನಿ. ಆ ಹಸು ವಾಪಸ್ ಸಿಗುತ್ತೋ ಇಲ್ವೋ, ಅದನ್ನ ಮೊದಲು ಹೇಳಿ."

ಅಲ್ಲಿಗೆ ನನಗೆ ಧೈರ್ಯ ಬಂತು. ಪ್ಲೇಗಿನಲ್ಲಿ ಜನ ಸಾಯುತ್ತಾರೆ ಅನ್ನೋದು ಓದುಗರಿಗೆ ಗೊತ್ತೇ ಇದೆ. ಹಸುವಿನ ಗತಿ ಏನು ಅನ್ನೋದು ಗೊತ್ತಿಲ್ಲ.

ಕಾಲದ ವಿವರಗಳ ಬಗ್ಗೆ ಹೆಚ್ಚು ಹೇಳಲ್ಲ. ಕೊಕ್ಕಿನ ಮುಖವಾಡದ ವೈದ್ಯ 17ನೇ ಶತಮಾನದವನು, ಅವನನ್ನು 1349ಕ್ಕೆ ಎಳೆದು ತರುವ ಹಾಗಿಲ್ಲ. ಆಲೂಗಡ್ಡೆ ಇಲ್ಲ. ಆಗ್ನೆಸ್ ಕಾಯಿಸುವ ಏಲ್‌ನಲ್ಲಿ ಹಾಪ್ಸ್, ಅಂದರೆ ಬಿಯರಿಗೆ ಕಹಿ ಕೊಡುವ ಹೂವು, ಇಲ್ಲ. ಆಗ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಆದ್ದರಿಂದ ಜನವರಿ, ಫೆಬ್ರವರಿಯ ದಾಖಲೆ ಓದುವಾಗ ಇಸವಿ ಸರಿಯಾಗಿ ನೋಡಿಕೊಳ್ಳಬೇಕು.

ಒಂದು ಆಸೆಯನ್ನು ಮಾತ್ರ ಕಷ್ಟಪಟ್ಟು ಬಿಟ್ಟೆ. "ಇಲಿ ಬಿದ್ದರೆ ಊರು ಬಿಡಬೇಕು" ಅಂತ ನಮ್ಮಜ್ಜಿ ಹೇಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆಮೇಲೂ ಎಷ್ಟೋ ವರ್ಷ ಮೈಸೂರು ಸೀಮೆಯಲ್ಲಿ ಅದು ಮತ್ತೆ ಮತ್ತೆ ಬರುತ್ತಿತ್ತು. ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಆ ಗುಡಿಸಲುಗಳನ್ನು ಸಫಕ್‌ನ ಹೊಲದಲ್ಲಿ ಹಾಕಬೇಕು ಅಂತ ಬಹಳ ಅನ್ನಿಸಿತ್ತು. ಆದರೆ 1349ರ ಇಂಗ್ಲೆಂಡಿನಲ್ಲಿ ಇಲಿಗೂ ರೋಗಕ್ಕೂ ಯಾರೂ ಗಂಟು ಹಾಕಿರಲಿಲ್ಲ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಅನ್ನೋ ವಿಜ್ಞಾನಿ ಹಾಂಗ್‌ಕಾಂಗ್‌ನಲ್ಲಿ ಕಂಡುಹಿಡಿದದ್ದೇ 1894ರಲ್ಲಿ. ನಮ್ಮಜ್ಜಿ ಕಾಲದ ಜನಕ್ಕೆ ಗೊತ್ತಿದ್ದದ್ದು ಆಗ್ನೆಸ್‌ಗೆ ಗೊತ್ತಿರೋಕೆ ಸಾಧ್ಯವಿಲ್ಲ. ಅಜ್ಜಿಯ ಮಾತು ಏಜೆಂಟರಿಗೆ ಬರೆದ ಪತ್ರದಲ್ಲಿ ಕೆಲಸಕ್ಕೆ ಬಂತು. "ಈ ಕಥೆ ನೀವೇ ಯಾಕೆ ಬರೆಯಬೇಕು" ಅನ್ನೋದಕ್ಕೆ ಒಂದೇ ವಾಕ್ಯದ ಉತ್ತರವಾಗಿ.

ಇನ್ನು ಪತ್ರದ ವಿಷಯ. ಇಲ್ಲಿ ದೊಡ್ಡ ಪ್ರಕಾಶಕರು ಲೇಖಕರಿಂದ ನೇರವಾಗಿ ಹಸ್ತಪ್ರತಿ ತೆಗೆದುಕೊಳ್ಳೋದು ಅಪರೂಪ, ಏಜೆಂಟ್ ಮೂಲಕವೇ ಹೋಗಬೇಕು. ಸಾಮಾನ್ಯವಾಗಿ ಕೇಳೋದು ಒಂದು ಪುಟದ ಪತ್ರ, ಒಂದೆರಡು ಪುಟದ ಕಥಾಸಾರ, ಮೊದಲ ಮೂರು ಅಧ್ಯಾಯ. ಒಬ್ಬೊಬ್ಬರು ಒಂದೊಂದು ಥರ ಕೇಳುತ್ತಾರೆ, ಅವರು ಹೇಳಿದ ಹಾಗೆಯೇ ಕಳಿಸಬೇಕು. ಕಥಾಸಾರದಲ್ಲಿ ಕೊನೆಯನ್ನೂ ಬಿಚ್ಚಿ ಹೇಳಬೇಕು. ಕುತೂಹಲ ಉಳಿಸೋಣ ಅಂತ ಮುಚ್ಚಿಟ್ಟರೆ ಅವರಿಗೆ ಕಿರಿಕಿರಿ. ಏಜೆಂಟರ ಹೆಸರುಗಳನ್ನು ಅವರ ವಿಳಾಸ, ವಿವರ ಇರುವ ರೈಟರ್ಸ್ ಆ್ಯಂಡ್ ಆರ್ಟಿಸ್ಟ್ಸ್ ಇಯರ್‌ಬುಕ್‌ನಿಂದ ಆರಿಸಿದೆ, ಲೈಬ್ರರಿಯಲ್ಲೇ ಸಿಗುತ್ತದೆ. ಐತಿಹಾಸಿಕ ಕಾದಂಬರಿ ನೋಡುವವರನ್ನು ಮಾತ್ರ ಗುರುತು ಹಾಕಿಕೊಂಡೆ. ಎಲ್ಲರಿಗೂ ಒಟ್ಟಿಗೆ ಕಳಿಸಲಿಲ್ಲ. ನಾಲ್ಕಾರು ಜನರಿಗೆ ಕಳಿಸಿ, ಬಂದ ಉತ್ತರ ನೋಡಿ, ಪತ್ರ ತಿದ್ದಿ ಮತ್ತೆ ನಾಲ್ಕಾರು ಜನರಿಗೆ.

ಪತ್ರದ ಮೊದಲ ಸಾಲಿನಲ್ಲಿ ಪ್ಲೇಗ್ ಅನ್ನೋ ಪದವೇ ಇರಲಿಲ್ಲ. ಹೆಚ್ಚುಕಮ್ಮಿ ಹೀಗಿತ್ತು: ಮನೆಯವರೆಲ್ಲ ಸತ್ತ ಮೇಲೆ ಆಗ್ನೆಸ್ ಆ ಊರಿನಲ್ಲೇ ಜಾಸ್ತಿ ಜಮೀನು ಇರುವ ಒಕ್ಕಲು, ಅದನ್ನು ಉಳಿಸಿಕೊಳ್ಳಲು ಅವಳಿಗೆ ಕೂಲಿಯಾಳು ಬೇಕು, ಆದರೆ ಕೂಲಿ ಜಾಸ್ತಿ ಕೊಡೋದು ಈಗ ಅಪರಾಧ. ಇದು ನಾನು ಹೊಸೆದದ್ದಲ್ಲ. 1349ರ ಜೂನ್ 18ರಂದು ಮೂರನೇ ಎಡ್ವರ್ಡ್ ದೊರೆ ಆಜ್ಞೆ ಹೊರಡಿಸಿ, ಪ್ಲೇಗಿಗೆ ಮುಂಚಿನ ಕೂಲಿಯನ್ನೇ ಕೊಡಬೇಕು, ಅದನ್ನೇ ತಗೋಬೇಕು ಅಂದ. 1351ರಲ್ಲಿ ಪಾರ್ಲಿಮೆಂಟು ಕಾಯ್ದೆಯನ್ನೇ ಮಾಡಿತು. ಕೊಯ್ಲಿನ ಆಳಿಗೆ ಆಗಸ್ಟ್ ಮೊದಲ ವಾರ ದಿನಕ್ಕೆ 2 ಪೆನ್ನಿ, ಎರಡನೇ ವಾರ 3 ಪೆನ್ನಿ. ಹೊಲದಲ್ಲಿ ಬೆಳೆ ಒಣಗಿ ಉದುರುತ್ತಿದೆ, ಕೊಯ್ಯೋಕೆ ಜನ ಇಲ್ಲ, ಇರೋ ಜನಕ್ಕೆ ಕೇಳಿದಷ್ಟು ಕೊಡೋ ಹಾಗಿಲ್ಲ. ಇದಕ್ಕಿಂತ ಒಳ್ಳೇ ಕಥೆ ಬೇಕಾ?

ಬಂದ ಉತ್ತರಗಳಲ್ಲಿ ಹೆಚ್ಚಿನವು ಅಚ್ಚು ಹಾಕಿದಂಥ ನಿರಾಕರಣೆಗಳು. ಕೆಲವರು ಉತ್ತರವನ್ನೇ ಕೊಡಲಿಲ್ಲ. ಒಂದು ಸಂಸ್ಥೆ "ಪ್ರಕಟಿಸುತ್ತೇವೆ, ಖರ್ಚಿನಲ್ಲಿ ನಿಮ್ಮದೂ ಪಾಲಿರಲಿ" ಅಂತ ಸಾವಿರಾರು ಪೌಂಡ್ ಕೇಳಿತು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಓದೋದಕ್ಕೆ ಶುಲ್ಕ ಕೇಳುವ ಏಜೆಂಟರಿಂದಲೂ ದೂರ ಇರಿ.

ಪೂರ್ತಿ ಹಸ್ತಪ್ರತಿ ಕೇಳಿದ ಏಜೆಂಟಮ್ಮ ವೀಡಿಯೋ ಕರೆಯಲ್ಲಿ ಮೊದಲು ಕೇಳಿದ್ದು, "ಆಗ್ನೆಸ್ ಊರು ಬಿಟ್ಟು ಯಾಕೆ ಓಡಿಹೋಗಲಿಲ್ಲ?" ಅಂತ. ಅವಳು ಜಮೀನ್ದಾರನಿಗೆ ಕಟ್ಟುಬಿದ್ದ ಒಕ್ಕಲು, ಮರುಮದುವೆಗೂ ಅವನಿಗೆ ದುಡ್ಡು ಕಟ್ಟಿ ಅಪ್ಪಣೆ ಪಡೆಯಬೇಕು, ಓಡಿಹೋದರೆ ಜಮೀನು ಕೈಬಿಡುತ್ತದೆ ಅಂತ ವಿವರಿಸಿದೆ. "ನೀವು ಈಗ ಹೇಳಿದ್ದು ಪುಸ್ತಕದಲ್ಲಿ ಬರೋದು ನೂರನೇ ಪುಟದಲ್ಲಿ, ಅದು ಹತ್ತನೇ ಪುಟದಲ್ಲಿ ಇರಲಿ" ಅಂದರು. ಆಮೇಲೆ ಕೆಲವು ತಿಂಗಳು ಇಬ್ಬರೂ ಸೇರಿ ತಿದ್ದಿದೆವು. ರೋಗದ ವರ್ಣನೆ ಅರ್ಧಕ್ಕೆ ಇಳಿಯಿತು, ಕಂಕುಳ ಗಡ್ಡೆಯ ಪುಟಗಳು ಹೋದವು. ಏಲ್ ಕಾಯಿಸುವ ಪುಟಗಳು ಉಳಿದವು, ಅದು ನನ್ನ ಹಟ.

ಏಜೆಂಟರ ಜೊತೆಗಿನ ಒಪ್ಪಂದವನ್ನು ಲೇಖಕರ ಸಂಘವಾದ ಸೊಸೈಟಿ ಆಫ್ ಆಥರ್ಸ್‌ನವರಿಗೆ ತೋರಿಸಿಯೇ ಸಹಿ ಹಾಕಿದೆ, ಸದಸ್ಯರಿಗೆ ಅವರು ಒಪ್ಪಂದ ಪರಿಶೀಲಿಸಿ ಕೊಡುತ್ತಾರೆ. ಏಜೆಂಟರ ಕಮಿಷನ್ ಇಲ್ಲಿನ ಮಾರಾಟಕ್ಕೆ ಶೇ. 15, ಅನುವಾದಕ್ಕೆ ಶೇ. 20, ಇಲ್ಲಿ ಅದೇ ವಾಡಿಕೆ. ಈಗ ಹಸ್ತಪ್ರತಿ ಪ್ರಕಾಶಕರ ಸಂಪಾದಕರ ಹತ್ತಿರ ಇದೆ. ಇಬ್ಬರು ಬೇಡ ಅಂದಾಗಿದೆ. ಮುಂದೇನು ಬರೀತೀರಿ ಅಂತ ಏಜೆಂಟ್ ಕೇಳಿದ್ದಕ್ಕೆ 1381ರ ರೈತರ ದಂಗೆಯ ಮೇಲೆ ಒಂದು ಪುಟ ಬರೆದು ಕಳಿಸಿದ್ದೇನೆ. ಆಗ ದಂಗೆಯೆದ್ದವರು ಎಷ್ಟೋ ಕಡೆ ಮೇನರ್ ಕೋರ್ಟಿನ ಕಡತಗಳನ್ನೇ ಹುಡುಕಿ ಸುಟ್ಟರು. ಆಗ್ನೆಸ್‌ಳ ಮೊಮ್ಮಗಳು ಆ ಗುಂಪಿನಲ್ಲಿದ್ದಾಳೆ.