ಆಟಗಾರ ಕುಸಿದು ಬಿದ್ದರೆ ನೋಡುಗರು ಏನು ಮಾಡಬೇಕು?

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ನನ್ನ ಜೊತೆ ಬರುವ ಹುಡುಗರಿಗೆ ಇದನ್ನೇ ಮೊದಲು ಹೇಳುತ್ತೇನೆ. ಯಾರೂ ತಾಗದೆ ಆಟಗಾರ ಬಿದ್ದು ಅಲುಗಾಡದಿದ್ದರೆ ಹೃದಯ ನಿಂತಿರಬಹುದು, ಮೊಬೈಲ್ ತೆಗೆಯಿರಿ. ವಿಡಿಯೊಗಲ್ಲ, 108ಕ್ಕೆ. ಒಬ್ಬರು ಗೇಟಿಗೆ ಓಡಿ ಆಂಬುಲೆನ್ಸ್‌ಗೆ ದಾರಿ ಬಿಡಿಸಿ.

ನಮ್ಮ ಬಿಸಿಲು ಗೊತ್ತಲ್ವಾ, ‘ತಲೆ ಸುತ್ತಿರಬೇಕು’ ಅಂತ ನೀರಿನ ಬಾಟಲಿ ಹಿಡಿದು ಓಡುತ್ತಾರೆ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಉಳಿದವರು ಸುಮ್ನೆ ಕೂತಿರಿ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಪಂದ್ಯದ ನಡುವೆ ಡೆನ್ಮಾರ್ಕ್ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಹೀಗೇ ಬಿದ್ದಾಗ ಜೊತೆಗಾರರು ಸುತ್ತ ನಿಂತು ಮರೆ ಮಾಡಿದರು. ಆಮೇಲೆ ಎದುರಾಳಿ ಫಿನ್ಲೆಂಡ್ ಅಭಿಮಾನಿಗಳು ‘ಕ್ರಿಶ್ಚಿಯನ್’ ಅಂತ ಕೂಗಿದರು, ಡೆನ್ಮಾರ್ಕಿನವರು ‘ಎರಿಕ್ಸನ್’ ಅಂತ ಓಗೊಟ್ಟರು.