ಗೋಡೆಯ ಮೇಲೆ ಗುರುತಿಲ್ಲದ ಜೇಡ ಕಂಡರೆ: ತಿಳಿಯುವ, ಸಾಕಿ ನೋಡುವ ಬಗೆ

ಮಳೆ ಹಿಡಿದು ಭದ್ರಾ ನಾಲೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಶುರುವಾಗುವ ಹೊತ್ತಿಗೆ ದಾವಣಗೆರೆಯ ಮನೆಗಳ ದೀಪಗಳಿಗೆ ಹುಳುಗಳು ಮುತ್ತತೊಡಗುತ್ತವೆ. ಅವುಗಳ ಬೆನ್ನಿಗೇ ಜೇಡಗಳೂ ಒಳಗೆ ಬರುತ್ತವೆ. ಬಚ್ಚಲಿನ ಗೋಡೆಯ ಮೇಲೋ ದೇವರ ಪಟದ ಹಿಂದೆಯೋ ಅಂಗೈಯಗಲದ ಜೇಡವೊಂದು ಕಂಡರೆ ಹೆಚ್ಚಿನವರ ಕೈ ಮೊದಲು ಹೋಗುವುದು ಪೊರಕೆಗೆ. ಆದರೆ ಹತ್ತು ನಿಮಿಷ ನಿಂತು ನೋಡಿದರೆ ಅದು ಯಾವ ಕುಟುಂಬಕ್ಕೆ ಸೇರಿದ್ದೆಂದು ಯಾರಾದರೂ ತಿಳಿಯಬಹುದು. ಆಸಕ್ತಿಯಿದ್ದರೆ ಒಂದೆರಡು ವಾರ ಡಬ್ಬಿಯಲ್ಲಿಟ್ಟು ಅದರ ಬದುಕನ್ನು ಹತ್ತಿರದಿಂದ ನೋಡಿ, ಮತ್ತೆ ಬಿಟ್ಟುಬಿಡಬಹುದು. ಅದಕ್ಕೆ ಬೇಕಾದ ಸಾಮಾನುಗಳೆಲ್ಲ ಅಡುಗೆಮನೆಯಲ್ಲೇ ಇರುತ್ತವೆ.

ಹಿಡಿಯುವ ಮುನ್ನ

ಜೇಡದ ಗುರುತಿನ ಅರ್ಧಭಾಗ ಅದರ ಮೈಮೇಲಿದ್ದರೆ ಉಳಿದರ್ಧ ಅದು ಕುಳಿತ ಜಾಗದಲ್ಲಿರುತ್ತದೆ. ಡಬ್ಬಿಗೆ ಹಾಕಿದೊಡನೆ ಆ ಅರ್ಧ ಕಳೆದುಹೋಗುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ‘ಇದು ಯಾವ ಜೇಡ’ ಎಂದು ಕೇಳಿ ಪರಿಚಿತರು ನನ್ನ ಬಳಿಗೆ ತರುವ ಡಬ್ಬಿಗಳಲ್ಲಿ ಬಹುಪಾಲು ಹೀಗೆ ಅರ್ಧ ಗುರುತು ಕಳೆದುಕೊಂಡೇ ಬಂದಿರುತ್ತವೆ. ಆದ್ದರಿಂದ ಮೊದಲು ಒಂದು ಚೀಟಿಯಲ್ಲಿ ದಿನಾಂಕ, ಹೊತ್ತು, ಜಾಗ, ಗೋಡೆ ಒದ್ದೆಯಿತ್ತೋ ಒಣಗಿತ್ತೋ, ಹತ್ತಿರದಲ್ಲಿ ದೀಪವಿತ್ತೋ ಎಂಬುದನ್ನು ಬರೆದುಕೊಳ್ಳಬೇಕು.

ಎರಡನೆಯದಾಗಿ ಬಲೆ ಇದೆಯೇ ಎಂದು ನೋಡಬೇಕು. ಕನ್ನಡದಲ್ಲಿ ಜೇಡನೆಂದರೆ ನೇಕಾರನೂ ಹೌದು. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ಅರ್ಥವೇ. ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಜೇಡಗಳೆಲ್ಲ ನೂಲು ತೆಗೆಯುತ್ತವೆಯೇ ಹೊರತು ಎಲ್ಲವೂ ಬಲೆ ಹೆಣೆಯುವುದಿಲ್ಲ. ಯುಗಾದಿಗೆ ಮುಂಚೆ ಮನೆ ಧೂಳು ಹೊಡೆಯುವಾಗ ಸೂರಿನ ಮೂಲೆಯಲ್ಲಿ ಸಿಗುವ, ಅಂದಚಂದವಿಲ್ಲದ ಗೋಜಲು ಬಲೆ ಸಾಮಾನ್ಯವಾಗಿ ಕೂದಲೆಳೆಯಂಥ ಉದ್ದ ಕಾಲುಗಳ ಮೂಲೆ ಜೇಡದ್ದು. ಬೆರಳು ತಾಗಿಸಿದರೆ ಅದು ಬಲೆಯೊಂದಿಗೆ ತಾನೂ ಕಣ್ಣಿಗೆ ಕಾಣದಷ್ಟು ವೇಗವಾಗಿ ನಡುಗುತ್ತದೆ. ಹೆಣ್ಣು ಮೊಟ್ಟೆಗಳ ಗೊಂಚಲನ್ನು ಬಾಯಲ್ಲೇ ಕಚ್ಚಿಕೊಂಡಿರುತ್ತದೆ. ಇಷ್ಟು ಕಂಡರೆ ಕುಟುಂಬ ನಿರ್ಧಾರವಾದಂತೆಯೇ. ಗೋಡೆಯ ಮೇಲೆ ಕಾಸಿನಗಲದ ಚಪ್ಪಟೆ ಬಿಳಿ ಬಲೆಯಿದ್ದು, ಅದರಡಿಯಲ್ಲಿ ಎಳ್ಳುಕಾಳಿಗಿಂತ ತುಸು ದೊಡ್ಡ ಜೇಡವೊಂದು ಇರುವೆಯ ಸುತ್ತ ಗಿರಗಿರನೆ ಸುತ್ತಿ ಅದನ್ನು ನೂಲಿನಲ್ಲಿ ಬಿಗಿಯುತ್ತಿದ್ದರೆ ಅದು ಈಕೋಬಿಯಸ್ ಎಂಬ ಗೋಡೆ ಜೇಡ. ಹಿತ್ತಲಿನ ಚಕ್ರಾಕಾರದ ಬಲೆಯ ನಡುವೆ ದಪ್ಪ ನೂಲಿನ ಗುಣಾಕಾರ ಚಿಹ್ನೆಯಿದ್ದು, ಅದರ ಮೇಲೆ ಕಾಲುಗಳನ್ನು ಜೋಡಿಜೋಡಿಯಾಗಿ ಚಾಚಿ ತಲೆಕೆಳಗಾಗಿ ಕುಳಿತಿರುವುದು ಆರ್ಜಿಯೋಪಿ, ಅಂದರೆ ಸಹಿ ಜೇಡ.

ಕಣ್ಣುಗಳನ್ನು ಓದುವುದು

ಬಲೆಯಿಲ್ಲದೆ ಓಡಾಡುವ ಜೇಡಗಳನ್ನು ಬಣ್ಣದಿಂದ ಗುರುತಿಸಲು ಹೋದವರು ಸೋಲುತ್ತಾರೆ. ಒಂದೇ ಜೇಡ ಮರಿಯಾಗಿದ್ದಾಗ ಒಂದು ಬಣ್ಣ, ಬಲಿತಾಗ ಇನ್ನೊಂದು ಬಣ್ಣ. ಗಂಡಿಗೂ ಹೆಣ್ಣಿಗೂ ವ್ಯತ್ಯಾಸ. ನಂಬಬಹುದಾದದ್ದು ಕಣ್ಣುಗಳ ಜೋಡಣೆ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣುಗಳಿರುತ್ತವೆ, ಮತ್ತು ಅವು ಸಾಲುಗೂಡಿದ ಬಗೆ ಕುಟುಂಬದಿಂದ ಕುಟುಂಬಕ್ಕೆ ಬೇರೆಯಾಗಿರುತ್ತದೆ. ಮುಂದೆ ಎರಡು ಕಣ್ಣುಗಳು ವಾಹನದ ದೀಪಗಳಂತೆ ದೊಡ್ಡದಾಗಿದ್ದು, ನೀವು ಪಕ್ಕಕ್ಕೆ ಸರಿದಾಗ ಮೈ ತಿರುಗಿಸಿ ನಿಮ್ಮನ್ನೇ ನೋಡಿದರೆ ಅದು ಜಿಗಿಯುವ ಜೇಡ. ಬಿಸಿಲು ಬೀಳುವ ಗೋಡೆಗಳ ಮೇಲೆ ಹಗಲು ಹೊತ್ತು ಕಾಣುವ, ಬೂದು ಬಣ್ಣದ ಮೆನೆಮೆರಸ್ ಈ ಗುಂಪಿನದು. ಕೆಳಗೆ ನಾಲ್ಕು ಚಿಕ್ಕ ಕಣ್ಣುಗಳ ಸಾಲು, ಅದರ ಮೇಲೆ ಎರಡು ದೊಡ್ಡವು, ಹಿಂದೆ ಇನ್ನೆರಡು ಇದ್ದರೆ ಅದು ತೋಳ ಜೇಡ. ರಾತ್ರಿ ಟಾರ್ಚನ್ನು ಹಣೆಯ ಮಟ್ಟದಲ್ಲಿ ಹಿಡಿದು ಹಿತ್ತಲು ನೋಡಿದರೆ ಈ ಕಣ್ಣುಗಳು ಹಸಿರು ಕಿಡಿಗಳಂತೆ ಹೊಳೆಯುತ್ತವೆ. ಭತ್ತದ ಕಂದು ಜಿಗಿಹುಳುವನ್ನು ತಿಂದು ರೈತನಿಗೆ ನೆರವಾಗುವ ಪಾರ್ಡೋಸಾ ಕೂಡ ಇದೇ ಕುಟುಂಬದ್ದು. ಎಂಟರ ಬದಲು ಆರೇ ಕಣ್ಣುಗಳಿದ್ದು, ಬೆನ್ನು ಗುಮ್ಮಟದಂತೆ ಉಬ್ಬಿ, ನಡಿಗೆ ನಿಧಾನವಾಗಿದ್ದರೆ ಅದು ಬೇಟೆಯ ಮೇಲೆ ಅಂಟು ಉಗುಳಿ ಹಿಡಿಯುವ ಸೈಟೋಡಿಸ್ ಆಗಿರುವ ಸಂಭವ ಹೆಚ್ಚು.

ನಮ್ಮ ಮನೆಗಳಲ್ಲಿ ಜನರನ್ನು ಬೆಚ್ಚಿಬೀಳಿಸುವ ಅಂಗೈಯಗಲದ ಜೇಡ ಮಾತ್ರ ಬಹುತೇಕ ಒಂದೇ: ಹೆಟೆರೊಪೋಡಾ ವೆನಟೋರಿಯಾ ಎಂಬ ಬೇಟೆಗಾರ ಜೇಡ. ಲಿನೇಯಸ್ 1767ರಲ್ಲಿ ಹೆಸರಿಟ್ಟ ಈ ಜೇಡ ಇಂದು ಉಷ್ಣವಲಯದ ಎಲ್ಲೆಡೆ ಮನೆಗಳಲ್ಲಿ ನೆಲೆಸಿದೆ. ಚಪ್ಪಟೆ ಮೈ, ಏಡಿಯಂತೆ ಪಕ್ಕಕ್ಕೆ ಚಾಚಿದ ಕಾಲುಗಳು, ನಾಲ್ಕು ನಾಲ್ಕರ ಎರಡು ಸಾಲು ಕಣ್ಣುಗಳು, ಕಣ್ಣುಗಳ ಕೆಳಗೆ ಮೀಸೆಯಂಥ ಕೆನೆಬಣ್ಣದ ಪಟ್ಟಿ, ಇವು ಅದರ ಗುರುತುಗಳು. ಹೆಣ್ಣು ಕೆಲವೊಮ್ಮೆ ಬಿಲ್ಲೆಯಂಥ ಬಿಳಿ ಮೊಟ್ಟೆಚೀಲವನ್ನು ಹೊಟ್ಟೆಯಡಿ ಅವಚಿಕೊಂಡಿರುತ್ತದೆ. ಅದು ತಿನ್ನುವುದು ಮುಖ್ಯವಾಗಿ ಜಿರಳೆಗಳನ್ನು. ಈ ಒಂದು ಕಾರಣಕ್ಕೇ ಅದನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಜಗತ್ತಿನಲ್ಲಿ ಹೆಸರು ಪಡೆದ ಜೇಡಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಹಲವು ಪ್ರಭೇದಗಳನ್ನು ಜನನಾಂಗಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಬೇರ್ಪಡಿಸಬೇಕಾಗುತ್ತದೆ. ಹಾಗಾಗಿ ಕುಟುಂಬ ಅಥವಾ ಕುಲದವರೆಗೆ ತಿಳಿದರೆ ಮನೆಮಂದಿಗೆ ಅದು ಸಾಕು. ಮೇಲಿನಿಂದ, ಮುಖದ ಎದುರಿನಿಂದ, ಗಾಜಿನ ಲೋಟದೊಳಗಿದ್ದಾಗ ಕೆಳಗಿನಿಂದ, ಹೀಗೆ ಮೂರು ಫೋಟೊ ತೆಗೆದು, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು, ಚೀಟಿಯಲ್ಲಿ ಬರೆದ ವಿವರದೊಂದಿಗೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಕ್ಕೆ ಹಾಕಿದರೆ ಬಲ್ಲವರು ನೋಡಿ ಹೇಳುತ್ತಾರೆ.

ಯಾವುದನ್ನು ಹಿಡಿಯಬಾರದು

ಹೊಟ್ಟೆಯಡಿ ಕಿತ್ತಳೆ ಅಥವಾ ಕೆಂಪು ಬಣ್ಣದ ಡಮರುವಿನಾಕಾರದ ಮಚ್ಚೆ, ಹತ್ತಿರದಲ್ಲಿ ಮುಳ್ಳುಮುಳ್ಳಾದ ಗುಂಡು ಮೊಟ್ಟೆಚೀಲ ಕಂಡರೆ ಬರಿಗೈ ಹಾಕಬಾರದು. ಇವು ಕಂದು ವಿಧವೆ ಜೇಡದ ಗುರುತುಗಳು, ಅದು ಭಾರತದಲ್ಲೂ ದಾಖಲಾಗಿದೆ. ಹಳೆಯ ಮರದ ಪೊಟರೆಯಲ್ಲಿರುವ, ಮೈತುಂಬ ಕೂದಲಿನ ದೊಡ್ಡ ಪೊಯೆಸಿಲೊಥೀರಿಯಾ ಜೇಡಗಳು ಕಚ್ಚಿದರೆ ತೀವ್ರ ನೋವು, ಸ್ನಾಯುಸೆಳೆತ ಉಂಟಾಗುತ್ತದೆ. ಅವು 2019ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧಕ್ಕೂ ಸೇರಿವೆ. ಅವನ್ನು ಸಾಕುವ, ಕೊಳ್ಳುವ ಯೋಚನೆಯೇ ಬೇಡ. ಮನೆಯೊಳಗೆ ಬಂದರೆ ಅರಣ್ಯ ಇಲಾಖೆಗೆ ತಿಳಿಸುವುದು ಸರಿ. ಯಾವ ಜೇಡವೇ ಕಚ್ಚಲಿ, ಆ ಜಾಗವನ್ನು ಸೋಪುನೀರಿನಲ್ಲಿ ತೊಳೆದು ತಣ್ಣನೆಯ ಬಟ್ಟೆ ಇಡಬೇಕು. ನೋವು ಹರಡಿದರೆ, ಬೆವರು ಅಥವಾ ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೆಳಗ್ಗೆ ಎದ್ದಾಗ ಕುತ್ತಿಗೆಯ ಮೇಲೆ ಉರಿಯುವ ಗೆರೆಯಂತೆ ಬೊಬ್ಬೆಗಳೆದ್ದಿದ್ದರೆ ನಮ್ಮ ಕಡೆಯ ಹಿರಿಯರು ‘ಜ್ಯಾಡ ಉಚ್ಚಿ ಹೊಯ್ದೈತಿ’ ಎನ್ನುತ್ತಾರೆ. ಜೇಡದಿಂದ ಹಾಗಾಗುವುದಿಲ್ಲ. ಮಳೆಗಾಲದಲ್ಲಿ ಗದ್ದೆಗಳಿಂದ ದೀಪಕ್ಕೆ ಹಾರಿಬರುವ, ಕಪ್ಪು ಕಿತ್ತಳೆ ಪಟ್ಟೆಗಳ ಪೀಡೆರಸ್ ಎಂಬ ಸಣ್ಣ ದುಂಬಿಯನ್ನು ನಿದ್ದೆಯಲ್ಲಿ ಉಜ್ಜಿದಾಗ ಅದರ ಮೈರಸ ತಾಗಿ ಚರ್ಮ ಸುಡುವುದೇ ಅನೇಕ ಸಲ ಇದಕ್ಕೆ ಕಾರಣ. ಸರ್ಪಸುತ್ತು ವೈರಸ್‌ನಿಂದ ಬರುವ ಬೇರೆಯೇ ರೋಗ. ಅದಕ್ಕೆ ಕೆಮ್ಮಣ್ಣು ಹಚ್ಚಿ ಕೂರದೆ ವೈದ್ಯರನ್ನು ಕಾಣಬೇಕು.

ಹಿಡಿದು ಇಟ್ಟುಕೊಳ್ಳುವುದು

ಜೇಡದ ಮೇಲೆ ಅಗಲಬಾಯಿಯ ಗಾಜಿನ ಲೋಟವನ್ನು ನಿಧಾನವಾಗಿ ಬೋರಲು ಹಾಕಿ, ಗೋಡೆಗೂ ಲೋಟಕ್ಕೂ ನಡುವೆ ಹಳೆಯ ಲಗ್ನಪತ್ರಿಕೆಯನ್ನು ತೂರಿಸಬೇಕು. ಲಗ್ನಪತ್ರಿಕೆಯ ಕಾಗದ ಗಟ್ಟಿಯಾಗಿರುವುದರಿಂದ ಬಾಗುವುದಿಲ್ಲ. ಅಂಚಿನಲ್ಲಿ ಕಾಲು ಸಿಕ್ಕಿಕೊಳ್ಳದಂತೆ, ಜೇಡ ತಾನಾಗಿ ಕಾಲು ಎತ್ತುವವರೆಗೆ ಕಾಯಬೇಕು. ಎತ್ತರದಿಂದ ಬೀಳಿಸಬಾರದು, ಹೊಟ್ಟೆಯ ತೆಳು ಚರ್ಮ ಒಡೆದರೆ ಜೇಡ ಬದುಕುವುದು ಕಷ್ಟ.

ಇಡಲು ಕಾಲು ಚಾಚಿದ ಜೇಡದ ಮೂರು ಪಟ್ಟು ಅಗಲದ ಪಾರದರ್ಶಕ ಡಬ್ಬಿ ಬೇಕು. ಮುಚ್ಚಳದಲ್ಲಿ ಕಾಯಿಸಿದ ಸೂಜಿಯಿಂದ ಹತ್ತಾರು ತೂತು ಮಾಡಿ, ಒಳಗೆ ಬೇವಿನ ತೊಗಟೆಯ ತುಂಡೊಂದನ್ನು ನೆಟ್ಟಗೆ ಒರಗಿಸಿ, ಬಾಟಲಿಯ ಮುಚ್ಚಳವೊಂದರಲ್ಲಿ ಒದ್ದೆ ಹತ್ತಿ ಇಡಬೇಕು. ಹತ್ತಿ ಒಣಗಲೂ ಬಾರದು, ಬೂಸ್ಟು ಹಿಡಿಯಲೂ ಬಾರದು. ಎರಡು ದಿನಕ್ಕೊಮ್ಮೆ ಬದಲಿಸಿದರೆ ಸರಿ. ಬೇಸಿಗೆಯಲ್ಲಿ ಚಿತ್ರದುರ್ಗದ ಬಂಡೆಗಳು ರಾತ್ರಿಯೂ ಕಾದಿರುವ ದಿನಗಳಲ್ಲಿ ಕಿಟಕಿಯ ಬಳಿಯ ಡಬ್ಬಿ ಒಲೆಯಾಗುತ್ತದೆ, ಆದ್ದರಿಂದ ಅದನ್ನು ನೆರಳಿನಲ್ಲೇ ಇಡಬೇಕು. ಇರುವೆ ಹತ್ತದಂತೆ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡಿ. ಆ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಬೇಡಿ, ಅದರಲ್ಲಿರುವ ಔಷಧ ಜೇಡಕ್ಕೂ ವಿಷ. ಒಂದೇ ಡಬ್ಬಿಯಲ್ಲಿ ಎರಡನ್ನು ಇಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ.

ಊಟಕ್ಕೆ ವಾರಕ್ಕೆ ಒಂದೆರಡು ಜೀವಂತ ಹುಳು ಸಾಕು. ಹುಳು ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ಔಷಧ ಸಿಂಪಡಿಸಿದ ಮನೆಯ ಜಿರಳೆಯನ್ನಂತೂ ಹಾಕಲೇಬಾರದು. ತಿನ್ನದೆ ಉಳಿದ ಹುಳುವನ್ನು ಅದೇ ದಿನ ತೆಗೆಯಬೇಕು.

ಈ ಕೊನೆಯ ಮಾತನ್ನು ಪಾಲಿಸದೆ ನಾನು ಒಂದು ಬೇಟೆಗಾರ ಜೇಡವನ್ನು ಕಳೆದುಕೊಂಡೆ. ಐದು ದಿನ ಅದು ಏನನ್ನೂ ತಿನ್ನದೆ ಒಂದೇ ಕಡೆ ನಿಂತಿತ್ತು. ಕಾಯಿಲೆಯೆಂದು ಭಾವಿಸಿ ದೊಡ್ಡ ಜಿರಳೆಯೊಂದನ್ನು ಒಳಗೆ ಬಿಟ್ಟು ಮಲಗಿದೆ. ಆ ರಾತ್ರಿ ಅದು ಪೊರೆ ಕಳಚುವುದರಲ್ಲಿತ್ತು. ಪೊರೆ ಕಳಚುವಾಗ ಬೆನ್ನಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ಮೇಲೇಳುತ್ತದೆ, ಒಳಗಿನಿಂದ ನಸುಬಿಳಿಯ ಮೆತ್ತನೆಯ ಜೇಡ ಒಂದೊಂದೇ ಕಾಲನ್ನು ಹಳೆಯ ಕಾಲಿನಿಂದ ಎಳೆದುಕೊಳ್ಳುತ್ತದೆ. ಹೊಸ ಮೈ ಗಟ್ಟಿಯಾಗುವವರೆಗೆ ಅದಕ್ಕೆ ಓಡಲೂ ಕಚ್ಚಲೂ ಆಗುವುದಿಲ್ಲ. ಬೆಳಗ್ಗೆ ನೋಡಿದಾಗ ಜಿರಳೆ ಆ ಮೆತ್ತನೆಯ ಕಾಲುಗಳನ್ನು ಮೆದ್ದು ಮುಗಿಸಿತ್ತು. ಜೇಡ ಊಟ ಬಿಟ್ಟು ಸುಮ್ಮನಿದ್ದರೆ ನೀರು ಮಾತ್ರ ಇಟ್ಟು, ಡಬ್ಬಿಯನ್ನು ಅಲುಗಿಸದೆ ಬಿಡಬೇಕು.

ಬಿಡುವುದು ಮುಸ್ಸಂಜೆಯಲ್ಲಿ, ಹಿಡಿದ ಜಾಗದ ಹತ್ತಿರವೇ ಆಗಲಿ. ಮನೆಯೊಳಗೆ ಬೇಡವೆಂದರೆ ಕಾಂಪೌಂಡಿನ ಕಲ್ಲುಸಂದಿಯಲ್ಲಿ. ಮೊಟ್ಟೆಚೀಲ ಹೊತ್ತ ಹೆಣ್ಣನ್ನು ಹೆಚ್ಚು ದಿನ ಇಟ್ಟುಕೊಳ್ಳಬಾರದು, ಹೊರಬರುವ ನೂರಾರು ಮರಿಗಳು ಸೂಜಿತೂತಿನಲ್ಲೂ ನುಸುಳುತ್ತವೆ. ಡಬ್ಬಿಯಲ್ಲಿ ಪೊರೆ ಉಳಿದಿದ್ದರೆ ಎಸೆಯಬೇಡಿ. ಕಾಲುಗಳ ಸಮೇತ ಇಡೀ ಜೇಡದಂತೆಯೇ ಕಾಣುವ ಅದನ್ನು, ದಿನಾಂಕ ಬರೆದ ಚೀಟಿಯೊಂದಿಗೆ ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಭೂತಗನ್ನಡಿ ಹಿಡಿದರೆ ಕಳಚಿದ ಚಿಪ್ಪಿನ ಮೇಲೆ ಎಂಟು ಕಣ್ಣುಗಳ ಗುರುತನ್ನು ಎಣಿಸಬಹುದು.