ಸ್ಪೋರ್ಟ್ಸ್ ಕಾರಿಗೆ ಎಂಜಿನ್ ಟ್ಯೂನಿಂಗ್: ಸಾಫ್ಟ್‌ವೇರ್ ಹಾಕಿಸುವ ಮೊದಲು ಲಾಗ್ ತೆಗೆಯಿರಿ

ಟ್ಯೂನಿಂಗ್ (ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದು) ಮಾಡಿಸಿ ತಿಂಗಳಾಗುವುದರೊಳಗೆ ಕ್ಲಚ್ ಜಾರುತ್ತಿದೆ, ಎಂಜಿನ್ ಲೈಟ್ ಆರುತ್ತಲೇ ಇಲ್ಲ ಎಂದು ಗೋಳು ತೋಡಿಕೊಳ್ಳುವವರನ್ನು ಮೇಲಿಂದ ಮೇಲೆ ನೋಡುತ್ತಿದ್ದೇನೆ. ಬೈಗುಳವೆಲ್ಲ ಟ್ಯೂನರ್‌ಗೆ. ವಿಚಾರಿಸಿದರೆ, ಸಾಫ್ಟ್‌ವೇರ್ ಹಾಕುವ ಮೊದಲು ಆ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂದು ಯಾರೂ ನೋಡಿರುವುದೇ ಇಲ್ಲ. ಲಾಭವೋ ನಷ್ಟವೋ ಎಂಬುದು ತೀರ್ಮಾನವಾಗುವುದು ಅಲ್ಲೇ. ಹಾಗಾಗಿ ಈ ಕ್ರಮ ತಪ್ಪಿಸಬೇಡಿ.

ಹೆಜ್ಜೆ 1: ಟರ್ಬೊ ಇದೆಯೇ ನೋಡಿ

ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅದು ಒಳಗೆಳೆದುಕೊಳ್ಳುವ ಗಾಳಿಯನ್ನು ಸಾಫ್ಟ್‌ವೇರ್ ಹೆಚ್ಚಿಸಲಾರದು. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ತಿದ್ದಿದರೆ ಸಿಗುವುದು ಸಾಮಾನ್ಯವಾಗಿ ಶೇ 5ರ ಆಸುಪಾಸು. ಅದೇ ಹಣಕ್ಕೆ ಒಳ್ಳೆಯ ಟೈರ್ ಹಾಕಿಸಿದರೆ ಕಾರು ನಿಜವಾಗಿಯೂ ವೇಗವಾಗುತ್ತದೆ. ಟರ್ಬೊ ಇದ್ದರೆ ಮಾತೇ ಬೇರೆ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಎಷ್ಟಿರಬೇಕೆಂದು ಹೇಳುವುದೇ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್. ಬಿಸಿಲಿನ ದೇಶ, ಕಳಪೆ ಪೆಟ್ರೋಲ್, ಹೊಗೆಯ ನಿಯಮ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಕಂಪನಿಯವರು ಒಂದಿಷ್ಟು ಅಂತರ ಉಳಿಸಿರುತ್ತಾರೆ. ಒಂದೇ ಎಂಜಿನ್ನನ್ನು ಬೇರೆ ಬೇರೆ ಪವರ್‌ನಲ್ಲಿ ಬೇರೆ ಬೇರೆ ಮಾಡೆಲ್‌ಗಳಿಗೆ ಹಾಕುವುದೂ ಉಂಟು. ಆದ್ದರಿಂದ ಬಿಡಿಭಾಗ ಏನೂ ಬದಲಿಸದೆ, ಸ್ಟೇಜ್ 1 ಸಾಫ್ಟ್‌ವೇರ್‌ನಲ್ಲೇ ಶೇ 15ರಿಂದ 30ರಷ್ಟು ಪವರ್ ಏರುವುದು ಮಾಮೂಲು.

ಹೆಜ್ಜೆ 2: ಗೇರ್‌ಬಾಕ್ಸ್ ಎಷ್ಟು ತಡೆಯುತ್ತದೆ ಕೇಳಿ

ಎಲ್ಲರೂ ಪವರ್ ಕೇಳುತ್ತಾರೆ, ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಕೇಳುವವರು ಕಡಿಮೆ. ಗೇರ್‌ಬಾಕ್ಸ್ ಮುರಿಯುವುದು ಟಾರ್ಕ್‌ನಿಂದ. ಫೋಕ್ಸ್‌ವ್ಯಾಗನ್ ಸಮೂಹದ ಒಣ ಕ್ಲಚ್‌ನ ಏಳು ಗೇರ್‌ಗಳ ಡಿಕ್ಯೂ200 ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ನಿಗದಿಯಾದ ಮಿತಿ 250 ನ್ಯೂಟನ್ ಮೀಟರ್. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್‌ನ ಡಿಕ್ಯೂ250ಗೆ 350. ಟ್ಯೂನರ್ ಹೇಳುವ ಟಾರ್ಕ್ ನಿಮ್ಮ ಗೇರ್‌ಬಾಕ್ಸಿನ ಮಿತಿಯನ್ನು ಬಹಳ ದಾಟಿದರೆ ಬೇಡ ಎಂದುಬಿಡಿ.

ಹೆಜ್ಜೆ 3: ಮೊದಲ ಲಾಗ್ ತೆಗೆಯಿರಿ

ಜನ ಎಡವುವುದು ಇಲ್ಲಿಯೇ. ಲಾಗ್ ಎಂದರೆ ಓಬಿಡಿ ಪೋರ್ಟ್ (ಕಾರಿನೊಳಗೆ ತಪಾಸಣಾ ಉಪಕರಣ ಸಿಕ್ಕಿಸುವ ಜಾಗ) ಮೂಲಕ ಎಂಜಿನ್ನಿನ ಸೆನ್ಸರ್‌ಗಳ ಅಂಕಿಗಳನ್ನು ದಾಖಲಿಸಿಕೊಳ್ಳುವುದು. ಹೊಸ ಸ್ಪಾರ್ಕ್ ಪ್ಲಗ್ ಹಾಕಿಸಿ. ಮುಂದೆ ದಿನನಿತ್ಯ ಹಾಕಿಸುವ ಪೆಟ್ರೋಲನ್ನೇ ತುಂಬಿಸಿ. ಲಾಗ್‌ಗೆಂದು ಒಂದು ದಿನ 98 ಆಕ್ಟೇನ್ ಹಾಕಿ ಆಮೇಲೆ 95ಕ್ಕೆ ಇಳಿದರೆ ಲಾಗ್ ತೆಗೆದು ಉಪಯೋಗವಿಲ್ಲ. ಎಂಜಿನ್ ಆಯಿಲ್ ಪೂರ್ತಿ ಬಿಸಿಯಾದ ಮೇಲೆ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ಅಥವಾ ರೇಸ್ ಟ್ರ್ಯಾಕ್‌ನಲ್ಲಿ ಮೂರನೇ ಇಲ್ಲವೇ ನಾಲ್ಕನೇ ಗೇರ್‌ನಲ್ಲಿ ಸುಮಾರು 2,000 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ ಕೆಂಪು ಗೆರೆಯವರೆಗೆ ಹೋಗಿ. ಬೆನ್ನು ಬೆನ್ನಿಗೆ ಮೂರು ಸಲ ಮಾಡಿ. ಮೊದಲ ಓಟದಲ್ಲಿ ಎಲ್ಲ ಎಂಜಿನ್ನೂ ಚೆನ್ನಾಗಿಯೇ ಇರುತ್ತದೆ, ಬಣ್ಣ ಬಯಲಾಗುವುದು ಮೂರನೆಯದರಲ್ಲಿ.

ಈಗ ಓದಿ. ಪ್ರತಿ ಸಿಲಿಂಡರ್‌ನ ಟೈಮಿಂಗ್ ರಿಟಾರ್ಡ್ ಮೊದಲು ನೋಡಬೇಕಾದ ಸಾಲು. ನಾಕಿಂಗ್ (ಪೆಟ್ರೋಲ್-ಗಾಳಿಯ ಮಿಶ್ರಣ ತಾನಾಗಿಯೇ ಸಿಡಿಯುವುದು) ಕೇಳಿಸಿದೊಡನೆ ಇಸಿಯು ಆ ಸಿಲಿಂಡರಿನ ಕಿಡಿಯನ್ನು ತಡವಾಗಿಸುತ್ತದೆ. ಅಲ್ಲೊಂದು ಇಲ್ಲೊಂದು ಡಿಗ್ರಿ ಕಂಡರೆ ಚಿಂತೆಯಿಲ್ಲ. ಮೂರು ಸಿಲಿಂಡರ್‌ಗಳು ಸೊನ್ನೆಯ ಹತ್ತಿರವಿದ್ದು ಒಂದು ಮಾತ್ರ ಪ್ರತಿ ಓಟದಲ್ಲೂ 4–5 ಡಿಗ್ರಿ ಹಿಂದೆ ಬಿದ್ದರೆ ರೋಗ ಆ ಸಿಲಿಂಡರಿನಲ್ಲೇ ಇದೆ: ಪ್ಲಗ್, ಕಾಯಿಲ್, ಇಂಜೆಕ್ಟರ್ ಅಥವಾ ಕಟ್ಟಿಕೊಂಡ ಮಸಿ. ನಾಲ್ಕೂ ಒಟ್ಟಿಗೆ ಹಿಂದೆ ಬಿದ್ದರೆ ಪೆಟ್ರೋಲಿನ ಆಕ್ಟೇನ್ ಸಾಲದು, ಇಲ್ಲವೇ ಗಾಳಿ ವಿಪರೀತ ಬಿಸಿ. ಅದಕ್ಕೇ ಒಳಬರುವ ಗಾಳಿಯ ಉಷ್ಣತೆಯ ಸಾಲನ್ನು ಪಕ್ಕದಲ್ಲೇ ಇಟ್ಟುಕೊಂಡು ಓದಿ. ಮೂರನೇ ಓಟಕ್ಕೆ ಅದು ಜರ್ರನೆ ಏರಿದ್ದರೆ ನಿಮಗೆ ಬೇಕಿರುವುದು ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಭಾಗ), ಸಾಫ್ಟ್‌ವೇರ್ ಆಮೇಲೆ.

ಇಸಿಯು ಕೇಳಿದ ಬೂಸ್ಟ್ ಮತ್ತು ನಿಜವಾಗಿ ಸಿಕ್ಕ ಬೂಸ್ಟ್ ಹೋಲಿಸಿ. ವೇಸ್ಟ್‌ಗೇಟ್ (ಬೂಸ್ಟ್ ಮಿತಿಮೀರದಂತೆ ತೆರೆಯುವ ಕವಾಟ) ಮುಚ್ಚಲು ಇಸಿಯು ಒದ್ದಾಡುತ್ತಿದ್ದರೂ ಬೂಸ್ಟ್ ಕೆಳಗೇ ಇದ್ದರೆ ಸಾಮಾನ್ಯವಾಗಿ ಎಲ್ಲೋ ಪೈಪ್ ಸೋರುತ್ತಿರುತ್ತದೆ. ಅದರ ಮೇಲೆ ಟ್ಯೂನ್ ಹಾಕಿದರೆ ಕೊರತೆ ತುಂಬಲು ಟರ್ಬೊ ಮಿತಿಮೀರಿ ತಿರುಗುತ್ತದೆ. ನೇರ ಇಂಜೆಕ್ಷನ್ ಎಂಜಿನ್ನಿನಲ್ಲಿ ಅಧಿಕ ಒತ್ತಡದ ಇಂಧನ ಪಂಪನ್ನೂ ಗಮನಿಸಿ: ಗುರಿ 200 ಬಾರ್ ಇದ್ದು ಮೇಲಿನ ಆರ್‌ಪಿಎಂನಲ್ಲಿ 150ಕ್ಕೆ ಕುಸಿದರೆ ಪಂಪ್ ಈಗಾಗಲೇ ಸೋತಿದೆ. ಇವುಗಳಲ್ಲಿ ಒಂದು ದೋಷ ಕಂಡರೂ ಮೊದಲು ರಿಪೇರಿ. ಎಷ್ಟೋ ಕಾರುಗಳು ಈ ರಿಪೇರಿಯಲ್ಲೇ ಕಳೆದುಹೋದ ಪವರ್ ಮರಳಿ ಪಡೆಯುತ್ತವೆ, ಮಾಲೀಕರಿಗೆ ಟ್ಯೂನ್ ಬೇಕೆಂದೇ ಅನಿಸುವುದಿಲ್ಲ.

ಹೆಜ್ಜೆ 4: ಫೈಲ್ ಬರೆಸಿ

ಫೈಲ್ ಎಂದರೆ ಇಸಿಯುಗೆ ಹಾಕುವ ಸಾಫ್ಟ್‌ವೇರ್. ಮೂಲ ಫೈಲಿನ ಪ್ರತಿ ಇಟ್ಟುಕೊಳ್ಳಿ, ಹೊಸದನ್ನು ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಸಪೋರ್ಟ್ ಇರಲಿ.

ಅಡ್ಡದಾರಿಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಸೆನ್ಸರ್ ಮತ್ತು ಇಸಿಯು ನಡುವೆ ಸಿಕ್ಕಿಸುವ ಅಗ್ಗದ ಡಬ್ಬಿಗಳು ಬೂಸ್ಟ್ ಕಡಿಮೆ ಇದೆ ಎಂದು ಇಸಿಯುಗೆ ಸುಳ್ಳು ಹೇಳುತ್ತವೆ, ಅಷ್ಟೇ. ಆ ಸುಳ್ಳನ್ನೇ ನಂಬಿ ಇಸಿಯು ಇಂಧನ, ಟೈಮಿಂಗ್ ಲೆಕ್ಕ ಹಾಕುತ್ತದೆ. ಕೊಳ್ಳಲೇಬೇಡಿ. ಸೈಲೆನ್ಸರ್‌ನಿಂದ ಪಟಪಟ ಸಿಡಿಯುವ ಸದ್ದು ಬೇಕೆಂದು ಕೇಳುವುದನ್ನೂ ಬಿಡಿ. ಅದು ಎಕ್ಸಾಸ್ಟ್‌ನಲ್ಲಿ ಇಂಧನ ಉರಿಸಿ ಮಾಡುವ ಸದ್ದು, ಸಾಯುವುದು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್. ಕನ್ವರ್ಟರನ್ನೇ ತೆಗೆಸುವುದು ಹಲವು ದೇಶಗಳಲ್ಲಿ ಅಪರಾಧ, ಹೊಗೆ ಕುಡಿಯುವವರು ಹಿಂದಿನ ಕಾರಿನವರು.

ಇನ್ನೊಂದನ್ನು ಪಟ್ಟು ಹಿಡಿದು ಕೇಳಿ. 2,500 ಆರ್‌ಪಿಎಂಗಿಂತ ಕೆಳಗೆ ಟಾರ್ಕ್ ಒಮ್ಮೆಲೇ ಜಿಗಿಯದಿರಲಿ. ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಅಷ್ಟು ಕೆಳಗೆ ವಿಪರೀತ ಒತ್ತಡ ಬಂದರೆ ಕಿಡಿಗಿಂತ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯಬಹುದು. ಸೀಟಿಗೆ ಬೆನ್ನು ತಳ್ಳುವ ಆ ಮೊದಲ ಒದೆತವೇ ಟ್ಯೂನ್ ಮಾರಾಟದ ಬಂಡವಾಳ, ಮೋಸ ಹೋಗಬೇಡಿ.

ಹೆಜ್ಜೆ 5: ಮತ್ತೆ ಅದೇ ಲಾಗ್

ಅದೇ ಪೆಟ್ರೋಲ್, ಅದೇ ಗೇರ್, ಅದೇ ಮೂರು ಓಟ. ರಿಟಾರ್ಡ್ ಹೆಚ್ಚಿದ್ದರೆ ಫೈಲ್ ತಿದ್ದಿಸಿ. ಡೈನೊ ಚೀಟಿ ಬೇಕಿದ್ದರೆ ಮೊದಲು ಮತ್ತು ನಂತರ ಒಂದೇ ಯಂತ್ರದ ಮೇಲೆ ಅಳೆಸಿ; ಚಕ್ರದಲ್ಲಿ ಅಳೆದ ಪವರನ್ನು ಕ್ರ್ಯಾಂಕ್‌ನ (ಎಂಜಿನ್ನಿನಿಂದ ನೇರ ಹೊರಬರುವ) ಪವರಿಗೆ ಹೋಲಿಸಿದರೆ ಲೆಕ್ಕವೇ ತಪ್ಪುತ್ತದೆ.

ಹೆಜ್ಜೆ 6: ವಾರಂಟಿ, ವಿಮೆ

ಮೂಲ ಫೈಲ್ ಮತ್ತೆ ಹಾಕಿದರೆ ಗೊತ್ತಾಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಸಾಫ್ಟ್‌ವೇರ್ ಎಷ್ಟು ಸಲ ಬರೆಯಲಾಗಿದೆ ಎಂಬ ಎಣಿಕೆ ಹಲವು ಇಸಿಯುಗಳಲ್ಲಿ ಉಳಿಯುತ್ತದೆ. ಫೋಕ್ಸ್‌ವ್ಯಾಗನ್, ಔಡಿ ಡೀಲರ್‌ಗಳ ವ್ಯವಸ್ಥೆಯಲ್ಲಿ ಟಿಡಿ1 ಎಂಬ ಗುರುತು ಬಿದ್ದರೆ ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಕೇಳುವುದು ಕಷ್ಟ. ವಾರಂಟಿ ಉಳಿದಿದ್ದರೆ ಮುಗಿಯುವ ತನಕ ಕಾಯಿರಿ ಎಂಬುದೇ ನನ್ನ ಸಲಹೆ. ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ.

ಟ್ಯೂನ್ ಆದ ಕಾರಿಗೆ ಆಯಿಲ್ ಮತ್ತು ಪ್ಲಗ್‌ಗಳನ್ನು ಕಂಪನಿ ಹೇಳಿದ ಅರ್ಧ ಅವಧಿಗೇ ಬದಲಿಸಿ, ಪ್ರತಿ ಬೇಸಿಗೆಗೆ ಒಂದು ಲಾಗ್ ತೆಗೆಯಿರಿ. ಟ್ಯೂನರ್ ಆಯ್ಕೆಗೂ ಇದೇ ಅಳತೆ: ಫೈಲ್ ಮಾರುವ ಮೊದಲು ನಿಮ್ಮ ಲಾಗ್ ತೋರಿಸಿ ಎಂದು ಕೇಳದವರ ಬಳಿ ಕಾರು ಬಿಡಬೇಡಿ.